ದೇಶ ಎಣಿಸಬೇಡಿ, ರಾತ್ರಿ ಎಣಿಸಿ

ಮಾನ್ಯ ಸಂಪಾದಕರೇ,

ಮಕ್ಕಳ ರಜೆ ಹತ್ತಿರ ಬರುತ್ತಿದ್ದಂತೆ ಪತ್ರಿಕೆಗಳಲ್ಲಿ ಯುರೋಪ್ ಪ್ರವಾಸದ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ‘ಹತ್ತು ದಿನ, ಏಳು ದೇಶ’ ಎಂಬ ದಪ್ಪಕ್ಷರ ಕಣ್ಣಿಗೆ ಬಿದ್ದು ಬಿದ್ದು, ಬೆಂಗಳೂರಿನಿಂದ ತಾವೇ ಟಿಕೆಟ್ ಮಾಡಿಕೊಂಡು ಹೊರಡುವ ಕುಟುಂಬಗಳೂ ಅದೇ ಅಳತೆಗೋಲು ಹಿಡಿಯುತ್ತಿವೆ. ಪ್ಯಾರಿಸ್ ಇರಲಿ, ಸ್ವಿಟ್ಜರ್‌ಲ್ಯಾಂಡ್ ಬೇಕೇ ಬೇಕು, ಅಷ್ಟು ದೂರ ಹೋದಮೇಲೆ ಇಟಲಿ ಬಿಡುವುದು ಹೇಗೆ, ಆಮ್‌ಸ್ಟರ್‌ಡ್ಯಾಂ ಪಕ್ಕದಲ್ಲೇ ಇದೆಯಲ್ಲ ಎಂದು ಪಟ್ಟಿ ಬೆಳೆಯುತ್ತದೆ. ಮಕ್ಕಳನ್ನೂ ವಯಸ್ಸಾದ ತಂದೆತಾಯಿಯರನ್ನೂ ಕರೆದುಕೊಂಡು ಹೋಗುವವರು ಈ ಪಟ್ಟಿಯನ್ನು ಪಕ್ಕಕ್ಕಿಟ್ಟು, ಮೊದಲು ರಾತ್ರಿಗಳನ್ನು ಎಣಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಕಚೇರಿಗೆ ಐದು ದಿನ ರಜೆ ಹಾಕಿ, ಹಿಂದೆ ಮುಂದೆ ಎರಡು ವಾರಾಂತ್ಯ ಸೇರಿಸಿಕೊಂಡರೆ ಒಂಬತ್ತು ದಿನ. ಶುಕ್ರವಾರ ರಾತ್ರಿ ಮನೆ ಬಿಟ್ಟು, ಶನಿವಾರ ಅಲ್ಲಿ ಇಳಿದು, ಮುಂದಿನ ಶನಿವಾರ ವಿಮಾನ ಹತ್ತಿದರೆ ಅಲ್ಲಿ ಮಲಗುವುದು ಏಳೇ ರಾತ್ರಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಪ್ಯಾರಿಸ್, ಬರ್ಲಿನ್, ರೋಮ್‌ಗಳ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ಸಂಜೆ ಎಂಟಾದಾಗ ಮಕ್ಕಳ ಮೈಗೆ ರಾತ್ರಿ ಹನ್ನೊಂದೂವರೆ, ಬೆಳಗಿನ ಜಾವ ಮೂರಕ್ಕೆ ಎಲ್ಲರಿಗೂ ಎಚ್ಚರ. ಮೊದಲ ದಿನವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಹೋಟೆಲ್ ಕೋಣೆ ಸಿಗುವುದೂ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಲಗೇಜನ್ನು ಮಾತ್ರ ಬೆಳಗ್ಗೆಯೇ ಇಟ್ಟುಕೊಳ್ಳುತ್ತಾರೆ.

ಊರು ಬದಲಾಯಿಸುವ ಒಂದು ದಿನವನ್ನು ಗಂಟೆ ಗಂಟೆಯಾಗಿ ಬಿಡಿಸಿ ನೋಡಿ. ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಸ್ವಿಟ್ಜರ್‌ಲ್ಯಾಂಡ್‌ನ ಬಾಸೆಲ್‌ಗೆ ಟಿಜಿವಿ ಎಂಬ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಲೂಸರ್ನ್‌ಗೆ ಇನ್ನೊಂದು ಗಂಟೆ. ಮೊಬೈಲಿನಲ್ಲಿ ನೋಡಿದವರಿಗೆ ಅದು ನಾಲ್ಕು ಗಂಟೆಯ ಪ್ರಯಾಣ. ಆದರೆ ಹತ್ತೂವರೆಯ ರೈಲಿಗೆ ಎಂಟೂವರೆಗೆ ಕೋಣೆ ಖಾಲಿ ಮಾಡಬೇಕು. ಪ್ಯಾರಿಸ್ ಮೆಟ್ರೋದ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಕೈಯಲ್ಲೇ ಎತ್ತಬೇಕು. ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂಬುದು ಬೋರ್ಡಿನ ಮೇಲೆ ಮೂಡುವುದು ಹೊರಡಲು ಇಪ್ಪತ್ತು ನಿಮಿಷ ಇರುವಾಗ. ಅಷ್ಟರಲ್ಲಿ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ಬೋಗಿ ಹುಡುಕಿ, ಕೂಲಿಯವರಿಲ್ಲದೆ ಲಗೇಜು ಹತ್ತಿಸಿ, ಅಜ್ಜಿಯನ್ನು ಕೂರಿಸಬೇಕು. ಹೊರಡುವ ಸಮಯಕ್ಕೆ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ. ಬಾಸೆಲ್‌ನಲ್ಲಿ ಇಳಿದು, ಊಟ ಮಾಡಿ, ರೈಲು ಬದಲಾಯಿಸಿ, ಲೂಸರ್ನ್‌ನ ಕೋಣೆ ಸೇರುವ ಹೊತ್ತಿಗೆ ಮೂರೂವರೆ, ನಾಲ್ಕು. ನಾಲ್ಕು ಗಂಟೆಯ ಪ್ರಯಾಣ ಏಳು ಗಂಟೆ ನುಂಗಿತು. ಏಳು ರಾತ್ರಿಯಲ್ಲಿ ನಾಲ್ಕು ಊರು ಎಂದರೆ ಇಂಥ ದಿನಗಳು ಮೂರು.

ಒಂದು ಊರಿನಲ್ಲಿ ಎರಡು ರಾತ್ರಿ ಉಳಿದರೆ ಕೈಗೆ ಸಿಗುವುದು ಒಂದೇ ಪೂರ್ತಿ ದಿನ, ಮೂರು ರಾತ್ರಿಗೆ ಎರಡು. ಹಾಗಾಗಿ ಏಳು ರಾತ್ರಿಗೆ ಎರಡು ಊರು, ಹತ್ತು ರಾತ್ರಿಗೆ ಮೂರು ಊರು ಸಾಕು. ಇನ್ನೊಂದು ಊರು ನೋಡಲೇಬೇಕೆಂದಿದ್ದರೆ ಲಗೇಜು ಕೋಣೆಯಲ್ಲೇ ಬಿಟ್ಟು ಬೆಳಗ್ಗೆ ಹೋಗಿ ರಾತ್ರಿ ಬನ್ನಿ. ಬ್ರಸೆಲ್ಸ್‌ನಿಂದ ಬ್ರೂಜ್, ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್, ಫ್ಲಾರೆನ್ಸ್‌ನಿಂದ ಪೀಸಾ ಎಲ್ಲವೂ ಹೀಗೆ ಒಂದೇ ದಿನದಲ್ಲಿ ಆಗುವಂಥವು.

ಒಂದು ದಿನ ಉಳಿಸುವ ಸುಲಭ ದಾರಿ ವಿಮಾನದ ಟಿಕೆಟ್‌ನಲ್ಲೇ ಇದೆ. ಒಂದೂರಿನಲ್ಲಿ ಇಳಿದು ಮತ್ತೊಂದೂರಿನಿಂದ ವಾಪಸು ಹತ್ತುವಂತೆ ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ಒಂದೇ ಟಿಕೆಟ್ ತೆಗೆದುಕೊಳ್ಳಿ. ಹೋಗುವುದಕ್ಕೊಂದು, ಬರುವುದಕ್ಕೊಂದು ಬಿಡಿ ಟಿಕೆಟ್ ತೆಗೆದರೆ ಸಾಮಾನ್ಯವಾಗಿ ದುಬಾರಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂಗಳಿಗೆ ನೇರ ವಿಮಾನಗಳಿವೆ. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಒಂದೇ ಸಮೂಹದವು, ಆದ್ದರಿಂದ ಆಮ್‌ಸ್ಟರ್‌ಡ್ಯಾಂನಲ್ಲಿ ಇಳಿದು ಪ್ಯಾರಿಸ್‌ನಿಂದ ಮರಳುವುದು ಒಂದೇ ಟಿಕೆಟ್‌ನಲ್ಲಿ ಆಗುತ್ತದೆ. ನಡುವೆ ಯುರೋಸ್ಟಾರ್ ರೈಲು, ಮೂರೂಕಾಲು ಗಂಟೆಯ ಆಸುಪಾಸು. ಮೊದಲ ಸಲ ಹೊರಡುವ ಕುಟುಂಬಕ್ಕೆ ಇದಕ್ಕಿಂತ ಹಗುರವಾದ ದಾರಿ ಇಲ್ಲ. ಇಟಲಿಯೊಂದೇ ಸಾಕು ಎನ್ನುವವರು ದುಬೈ ಮೂಲಕ ರೋಮ್‌ನಲ್ಲಿ ಇಳಿದು, ಫ್ಲಾರೆನ್ಸ್ ನೋಡಿಕೊಂಡು, ವೆನಿಸ್‌ನಿಂದ ಮರಳಬಹುದು. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆ ಚಿಲ್ಲರೆ.

ಯುರೋಪಿನೊಳಗಿನ ಅಗ್ಗದ ವಿಮಾನಗಳ ದರ ನೋಡಿ ಮೋಸಹೋಗಬೇಡಿ. ‘ಪ್ಯಾರಿಸ್ ಬೊವೆ’ ನಿಲ್ದಾಣ ಪ್ಯಾರಿಸ್‌ನಿಂದ 80 ಕಿ.ಮೀ. ದೂರ, ‘ಫ್ರಾಂಕ್‌ಫರ್ಟ್ ಹಾನ್’ ಫ್ರಾಂಕ್‌ಫರ್ಟ್‌ನಿಂದ 100 ಕಿ.ಮೀ.ಗೂ ಆಚೆ. ಪುಕ್ಕಟೆ ಬಿಡುವುದು ಸೀಟಿನ ಕೆಳಗೆ ಹಿಡಿಸುವ ಒಂದು ಸಣ್ಣ ಚೀಲವನ್ನು ಮಾತ್ರ, ಉಳಿದ ಪ್ರತಿ ಲಗೇಜಿಗೂ ದುಡ್ಡು. ಐದಾರು ಗಂಟೆಯೊಳಗಿನ ದೂರಕ್ಕೆ ರೈಲೇ ಸರಿ. ವೇಗದ ರೈಲುಗಳ ಟಿಕೆಟ್ ಮೂರು ನಾಲ್ಕು ತಿಂಗಳು ಮೊದಲೇ ತೆರೆಯುತ್ತದೆ, ದಿನ ಕಳೆದಂತೆ ಏರುತ್ತದೆ. ಹಲವು ದೇಶಗಳ ರೈಲುಗಳಿಗೆ ಒಟ್ಟಾಗಿ ಸಿಗುವ ಯುರೇಲ್ ಪಾಸ್ ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಿ. ಟಿಜಿವಿ, ಯುರೋಸ್ಟಾರ್, ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ದುಡ್ಡು ಕೊಡಬೇಕು. ಎರಡು ಮೂರು ಪ್ರಯಾಣವಷ್ಟೇ ಇದ್ದರೆ ಬಿಡಿ ಟಿಕೆಟ್ಟೇ ಅಗ್ಗ. ಇಟಲಿಯ ಪ್ಯಾಸೆಂಜರ್ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲದವರಿಗೆ ದಂಡ ಬೀಳುತ್ತದೆ.

ಬೆಂಗಳೂರಿನವರು ಪದೇ ಪದೇ ಎಡವುವ ಜಾಗ ಇನ್ನೊಂದಿದೆ. ಯುರೋಪಿಗೆ ಹೋಗುವ ಹಲವು ವಿಮಾನಗಳು ಮಧ್ಯರಾತ್ರಿ ಕಳೆದು ಹೊರಡುತ್ತವೆ. ಟಿಕೆಟ್‌ನಲ್ಲಿ ‘10ನೇ ತಾರೀಖು, 2.30’ ಎಂದಿದ್ದರೆ 9ನೇ ತಾರೀಖು ರಾತ್ರಿ ಊಟ ಮುಗಿಸಿಯೇ ಮನೆ ಬಿಡಬೇಕು. 10ರ ರಾತ್ರಿ ದೇವನಹಳ್ಳಿಗೆ ಹೋದರೆ ವಿಮಾನ ಹೋಗಿ ಇಪ್ಪತ್ತು ಗಂಟೆಯಾಗಿರುತ್ತದೆ. ಕ್ಯಾಬ್, ಕಚೇರಿಯ ರಜೆ, ವಿಮೆ ಎಲ್ಲವನ್ನೂ ಈ ತಾರೀಖಿಗೆ ತಾಳೆ ನೋಡಿ.

ವೀಸಾ ಅರ್ಜಿಗೂ ಆಧಾರ ರಾತ್ರಿಗಳ ಲೆಕ್ಕವೇ. ಷೆಂಗೆನ್ ಒಕ್ಕೂಟದ 29 ದೇಶಗಳಿಗೆ ಒಂದೇ ವೀಸಾ ಸಾಕು, ಆದರೆ ಅರ್ಜಿ ಹಾಕಬೇಕಾದ್ದು ಹೆಚ್ಚು ರಾತ್ರಿ ತಂಗುವ ದೇಶಕ್ಕೆ. ಆಮ್‌ಸ್ಟರ್‌ಡ್ಯಾಂನಲ್ಲಿ ಮೂರು, ಪ್ಯಾರಿಸ್‌ನಲ್ಲಿ ನಾಲ್ಕು ರಾತ್ರಿ ಇದ್ದರೆ ಇಳಿಯುವುದು ನೆದರ್‌ಲ್ಯಾಂಡ್ಸ್‌ನಲ್ಲಾದರೂ ಅರ್ಜಿ ಫ್ರಾನ್ಸಿಗೆ. ಎರಡೂ ಕಡೆ ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿ ಕೊಡಲು ಸ್ಲಾಟ್, ಅಂದರೆ ಭೇಟಿಯ ಸಮಯ, ಸಿಕ್ಕ ದೇಶಕ್ಕೆ ಅರ್ಜಿ ಹಾಕಿ, ಅದಕ್ಕೆ ತಕ್ಕಂತೆ ಹೋಟೆಲ್ ಬುಕಿಂಗ್ ತೋರಿಸಿ, ಆಮೇಲೆ ರದ್ದು ಮಾಡಿ ಬೇರೆ ದೇಶದಲ್ಲಿ ಕಾಲ ಕಳೆಯಿರಿ ಎಂಬ ಸಲಹೆ ಈಚೆಗೆ ಧಾರಾಳವಾಗಿ ಸಿಗುತ್ತಿದೆ. ದಯವಿಟ್ಟು ಕೇಳಬೇಡಿ. ಗಡಿಯಲ್ಲಿ ಅಧಿಕಾರಿ ಬುಕಿಂಗ್ ಕೇಳಬಹುದು, ಮುಂದಿನ ಅರ್ಜಿಗೂ ಅದು ಕಪ್ಪುಚುಕ್ಕೆಯಾಗಬಹುದು.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಿದ್ದರೆ 45 ದಿನ. ಏಪ್ರಿಲ್–ಮೇ ರಜೆಗೆ ಜನವರಿಯಲ್ಲಿ, ದಸರಾ ರಜೆಗೆ ಜೂನ್‌ನಲ್ಲಿ ಸ್ಲಾಟ್ ಹುಡುಕತೊಡಗಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕ ಮಕ್ಕಳಿಗಿಲ್ಲ. ಗಂಡ, ಹೆಂಡತಿ, ಅಜ್ಜ, ಅಜ್ಜಿ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಎಂದರೆ 405 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಈ ಹಣ ವಾಪಸಿಲ್ಲ. ಹಾಗಾಗಿ ವೀಸಾ ಕೈಗೆ ಬರುವವರೆಗೆ ಹೋಟೆಲ್‌ಗಳನ್ನಾದರೂ ಉಚಿತವಾಗಿ ರದ್ದಾಗುವ ದರದಲ್ಲೇ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್‌ಗೆ ಐದೇ ವರ್ಷ ಆಯಸ್ಸು ಎಂಬುದನ್ನು ದೊಡ್ಡವರು ಮರೆಯುತ್ತಾರೆ. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ, ಮೊದಲಿನಿಂದ ಇರುವ ಕಾಯಿಲೆಯೂ ಸೇರುವ ಪಾಲಿಸಿಯನ್ನೇ ಕೇಳಿ ತೆಗೆದುಕೊಳ್ಳಿ.

ನಮ್ಮ ಕಡೆಯ ಅರ್ಜಿಗಳು ತೊಡರಿಕೊಳ್ಳುವುದು ಹೆಸರಿನಲ್ಲಿ. ನಮ್ಮಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್, ಆಮೇಲೆ ಸ್ವಂತ ಹೆಸರು. ಶಾಲಾ ದಾಖಲೆಯಲ್ಲಿ ಅಕ್ಷರ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದದ್ದು, ಮಗುವಿನ ಜನನ ಪ್ರಮಾಣಪತ್ರದಲ್ಲಿ ಮತ್ತೊಂದು ರೀತಿ. ‘ಎಚ್’ ಎಂದರೆ ಹಾಸನವೋ ಹೊಳೆನರಸೀಪುರವೋ ಎಂದು ದೂರದ ದೇಶದ ಗುಮಾಸ್ತರಿಗೆ ತಿಳಿಯುವ ದಾರಿಯಿಲ್ಲ. ಪ್ರಮಾಣಪತ್ರದಲ್ಲಿರುವ ತಂದೆಯ ಹೆಸರೂ ಪಾಸ್‌ಪೋರ್ಟ್‌ನ ಹೆಸರೂ ಹೊಂದದಿದ್ದರೆ, ಎರಡೂ ಒಬ್ಬರದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಲಗತ್ತಿಸಿ. ಹಳೆಯ ಪ್ರಮಾಣಪತ್ರ ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಇರುವ ಹೊಸ ಪ್ರತಿ ಪಡೆಯಿರಿ. ಪಾಸ್‌ಪೋರ್ಟ್‌ನಲ್ಲಿ ‘ಸರ್‌ನೇಮ್’ ಜಾಗ ಖಾಲಿ ಇರುವವರು ನಮ್ಮಲ್ಲಿ ಬಹಳ. ವಿಮಾನದ ಟಿಕೆಟ್ ಮಾಡುವಾಗ ಆ ಜಾಗವನ್ನು ಖಾಲಿ ಬಿಡಲು ಬರುವುದಿಲ್ಲ, ಮನಸ್ಸಿಗೆ ಬಂದಂತೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ತುಂಬಿದರೆ ಟಿಕೆಟ್ ಒಂದು, ಪಾಸ್‌ಪೋರ್ಟ್ ಇನ್ನೊಂದು ಆಗುತ್ತದೆ. ಇಂಥವರಿಗೆ ಏನು ತುಂಬಬೇಕೆಂದು ಪ್ರತಿ ವಿಮಾನ ಸಂಸ್ಥೆಗೂ ತನ್ನದೇ ನಿಯಮವಿದೆ. ದುಡ್ಡು ಕಟ್ಟುವ ಮೊದಲು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ತಂದೆ ತಾಯಿಯಲ್ಲಿ ಒಬ್ಬರೇ ಮಗುವಿನ ಜೊತೆ ಹೊರಟಿದ್ದರೆ, ಅಥವಾ ಮೊಮ್ಮಗುವನ್ನು ಅಜ್ಜ ಅಜ್ಜಿ ಕರೆದೊಯ್ಯುತ್ತಿದ್ದರೆ, ಉಳಿದವರ ಒಪ್ಪಿಗೆ ಪತ್ರ ನೋಟರಿ ಸಹಿತ ಬೇಕು. ಶಾಲೆಯಿಂದ ರಜೆಯ ಪತ್ರವನ್ನೂ ಇಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅರ್ಜಿಯ ಹಿಂದಿನ ವಾರ ದಿಢೀರನೆ ಬಂದು ಬಿದ್ದ ಎರಡು ಮೂರು ಲಕ್ಷ ಸಹಾಯಕ್ಕಿಂತ ಅನುಮಾನವನ್ನೇ ತರುತ್ತದೆ. ಸಂಬಳ ಬಂದು, ಖರ್ಚಾಗಿ, ಉಳಿತಾಯ ಉಳಿದಿರುವ ಸಾಧಾರಣ ಖಾತೆಯೇ ಚೆನ್ನ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಚೀಟಿಯನ್ನು ಓದಿ: ತಾರೀಖುಗಳು, ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಬರಬಹುದು. ಒಮ್ಮೆ ಮಾತ್ರ ಎಂದಿದ್ದು ನಡುವೆ ಲಂಡನ್‌ಗೆ ಹೋದರೆ ಮತ್ತೆ ಪ್ಯಾರಿಸ್‌ಗೆ ಬರಲಾಗದು. ಬ್ರಿಟನ್, ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ, ಅಲ್ಲಿಗೆ ಬೇರೆಯೇ ವೀಸಾ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಮುದ್ರೆಯ ಬದಲು ಮುಖದ ಫೋಟೊ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಮೊದಲ ಸಲ ಹೋಗುವವರಿಗೆ ಸಾಲು ಉದ್ದವಾಗಬಹುದು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯುವುದಿದ್ದರೆ ನಡುವೆ ಮೂರು ಗಂಟೆಯಾದರೂ ಇರಲಿ.

ನೋಡುವ ಜಾಗಗಳ ಬಾಗಿಲು ಮುಚ್ಚುವ ದಿನಗಳನ್ನು ರಾತ್ರಿಗಳ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ ಮಂಗಳವಾರ ಇಲ್ಲ. ವರ್ಸೇಲ್ಸ್ ಅರಮನೆ, ಒರ್ಸೆ ಸಂಗ್ರಹಾಲಯ ಸೋಮವಾರ ಇಲ್ಲ. ಪ್ಯಾರಿಸ್‌ಗೆ ಕೊಟ್ಟ ಒಂದೇ ಪೂರ್ತಿ ದಿನ ಮಂಗಳವಾರವಾದರೆ ಮೋನಾಲಿಸಾ ನೋಡದೆಯೇ ವಾಪಸು. ವ್ಯಾಟಿಕನ್ ಸಂಗ್ರಹಾಲಯ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ತೆರೆಯದು. ಆಮ್‌ಸ್ಟರ್‌ಡ್ಯಾಂನ ಆನ್ ಫ್ರಾಂಕ್ ಮನೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ, ಆರು ವಾರ ಮುಂಚಿನ ಮಂಗಳವಾರ ಬಿಡುಗಡೆಯಾಗುತ್ತದೆ. ಕ್ಯೂಕೆನ್‌ಹಾಫ್ ಟ್ಯುಲಿಪ್ ತೋಟ ಮಾರ್ಚ್ ನಡುವಿನಿಂದ ಮೇ ನಡುವಿನವರೆಗಷ್ಟೇ, ದಸರಾ ರಜೆಯಲ್ಲಿ ಹೂವಿಲ್ಲ. ಮೇ 1ರಂದು ಫ್ರಾನ್ಸ್ ಬಹುಮಟ್ಟಿಗೆ ಮುಚ್ಚಿರುತ್ತದೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಭಾನುವಾರ ದಿನಸಿ ಅಂಗಡಿಗಳೂ ಬಾಗಿಲು ಹಾಕುತ್ತವೆ, ದೊಡ್ಡ ರೈಲು ನಿಲ್ದಾಣಗಳೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಊರು ಬದಲಾಯಿಸುವುದನ್ನು ಭಾನುವಾರಕ್ಕೇ ಇಟ್ಟುಕೊಂಡರೆ ದಿನವೂ ಹಾಳಾಗದು, ಊಟಕ್ಕೂ ಪರದಾಟವಿಲ್ಲ.

ಹಿರಿಯರು ಜೊತೆಗಿದ್ದರೆ ಸ್ವಿಟ್ಜರ್‌ಲ್ಯಾಂಡ್‌ನ ಹಿಮಬೆಟ್ಟಗಳ ನಡುವಿನ ಯುಂಗ್‌ಫ್ರೌಯೋಕ್‌ಗೆ ಹೊರಡುವ ಮುನ್ನ ವೈದ್ಯರನ್ನು ಕೇಳಿ. ಅದು 3,454 ಮೀಟರ್ ಎತ್ತರ, ರೈಲು ಕೆಲವೇ ತಾಸಿನಲ್ಲಿ ಅಲ್ಲಿಗೆ ಒಯ್ಯುತ್ತದೆ. ತಲೆಸುತ್ತು, ಉಸಿರುಗಟ್ಟುವುದು ಸಾಮಾನ್ಯ. ಲೂಸರ್ನ್ ಪಕ್ಕದ ರಿಗಿ ಬೆಟ್ಟ 1,800 ಮೀಟರ್‌ನಷ್ಟು. ದೋಣಿಯಲ್ಲಿ ಸರೋವರ ದಾಟಿ ಹಲ್ಲುಗಾಲಿಯ ರೈಲಿನಲ್ಲಿ ಮೇಲೇರಬಹುದು, ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. ಜೊತೆಗಿರುವ 6ರಿಂದ 15 ವರ್ಷದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆದರೆ ಪ್ರಯಾಣ ಉಚಿತ. ಕೋಣೆಯ ವಿಷಯದಲ್ಲಿ ನಮ್ಮ ‘ಎಕ್ಸ್‌ಟ್ರಾ ಬೆಡ್’ ಪದ್ಧತಿ ಅಲ್ಲಿ ನಡೆಯದು. ಇಬ್ಬರ ಕೋಣೆಗೆ ನಾಲ್ವರು ಹೋದರೆ ಒಳಗೆ ಬಿಡದಿರಬಹುದು, ಬುಕ್ ಮಾಡುವಾಗಲೇ ಮಕ್ಕಳ ವಯಸ್ಸು ನಮೂದಿಸಿ. ತಲೆಗಿಷ್ಟು ಅಥವಾ ದರದಲ್ಲಿ ಇಷ್ಟು ಪಾಲು ಎಂದು ನಗರ ತೆರಿಗೆ ಬೇರೆ. ಆಮ್‌ಸ್ಟರ್‌ಡ್ಯಾಂನಲ್ಲಿ ಅದು ಕೋಣೆ ಬಾಡಿಗೆಯ ಶೇ 12.5.

ಇನ್ನು ಬುತ್ತಿ. ಯುರೋಪ್ ಒಕ್ಕೂಟದ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪನೀರ್, ಖೋವಾ, ಪೇಡ ಮನೆಯಲ್ಲೇ ಇರಲಿ. ಹಸುಗೂಸಿನ ಹಾಲಿನ ಪುಡಿಗೆ ಮಾತ್ರ, ಸೀಲ್ ಒಡೆಯದ ಡಬ್ಬಿಯಾದರೆ, ಎರಡು ಕೆ.ಜಿ.ವರೆಗೆ ವಿನಾಯಿತಿ ಇದೆ. ಹಸಿ ಕರಿಬೇವು, ನಿಂಬೆಹಣ್ಣು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಬೇಡದ ಹಣ್ಣುಗಳು ಐದೇ: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್. ತೆಂಗಿನಕಾಯಿಗೆ ಅಡ್ಡಿಯಿಲ್ಲವೆಂದು ಕೊಬ್ಬರಿ ತುಂಬಬೇಡಿ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ ಎಂದು ಅದನ್ನು ಚೆಕ್-ಇನ್ ಲಗೇಜಿನಿಂದ ನಮ್ಮ ನಿಲ್ದಾಣದಲ್ಲೇ ತೆಗೆಸುತ್ತಾರೆ. ದುಬೈ, ಅಬುಧಾಬಿ ಮೂಲಕ ಹೋಗುವವರು ಗಸಗಸೆಯ ಒಂದು ಕಾಳೂ ಒಯ್ಯಬಾರದು, ಅಲ್ಲಿ ಅದು ಮಾದಕ ವಸ್ತುಗಳ ಕಾನೂನಿನಡಿ ಬರುತ್ತದೆ. ಮಸಾಲೆ ಪುಡಿಗೆ ಗಸಗಸೆ ಹಾಕಿದ್ದೀರಾ ಎಂದು ಮನೆಯಲ್ಲಿ ಕೇಳಿಕೊಳ್ಳಿ. ಚಟ್ನಿಪುಡಿ, ಅವಲಕ್ಕಿ, ಹುರಿದ ರವೆಗೆ ತೊಂದರೆಯಿಲ್ಲ. ಉಪ್ಪಿನಕಾಯಿ ಚೆಕ್-ಇನ್ ಲಗೇಜಿನಲ್ಲಿ, ಕೈಚೀಲದಲ್ಲಿ ಅದು ದ್ರವದ ಲೆಕ್ಕಕ್ಕೆ ಹೋಗುತ್ತದೆ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಕೈಚೀಲದಲ್ಲಿ ಮಾತ್ರ. ಇನ್ಸುಲಿನ್, ದಿನದ ಮಾತ್ರೆಗಳು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ಸಸ್ಯಾಹಾರಿಗಳು ಸೂಪ್ ತರಿಸುವ ಮುಂಚೆ ಅದು ಮಾಂಸದ ಸಾರಿನಲ್ಲಿ ಮಾಡಿದ್ದೇ ಎಂದು ಕೇಳಬೇಕು. ಇಟಲಿಯ ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಅಕ್ಕಿ, ಸಿಹಿಯಿಲ್ಲದ ಮೊಸರು ಎಲ್ಲ ಸೂಪರ್‌ಮಾರ್ಕೆಟ್‌ಗಳಲ್ಲೂ ಇದೆ, ರಾತ್ರಿಗೆ ಮೊಸರನ್ನವಾಗುತ್ತದೆ.

ಹಣದ ಬಗ್ಗೆ ಎರಡೇ ಮಾತು. ಕಾರ್ಡ್ ಯಂತ್ರವೋ ಎಟಿಎಮ್ಮೋ ‘ರೂಪಾಯಿಯಲ್ಲಿ ಕಡಿತಗೊಳಿಸಲೇ’ ಎಂದು ಕೇಳಿದರೆ ಬೇಡವೆಂದು ಯೂರೋ ಒತ್ತಿ, ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಟೂರ್ ಕಂಪನಿಯ ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗಿ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಾಣಿಕೆಯಾಗಬೇಕು, ರಸೀದಿ ಜೋಪಾನ.

ಪ್ಯಾಕೇಜ್ ಪ್ರವಾಸವೇ ಬೇಡ ಎಂದು ಹೇಳುತ್ತಿಲ್ಲ. ಹಿರಿಯರಿಗೆ ಊಟ, ಬಸ್ಸು, ಭಾಷೆಯ ಚಿಂತೆ ತಪ್ಪುವುದು ದೊಡ್ಡದೇ. ಆದರೆ ಜಾಹೀರಾತು ಕೊಡುವವರು ದೇಶಗಳ ಸಂಖ್ಯೆಯ ಜೊತೆಗೆ ಮೂರು ಸಂಗತಿ ಅಚ್ಚು ಹಾಕಲಿ: ಯಾವ ಊರಿನಲ್ಲಿ ಎಷ್ಟು ರಾತ್ರಿ, ಹೋಟೆಲ್ ಊರಿನ ನಡುಭಾಗದಿಂದ ಎಷ್ಟು ಕಿ.ಮೀ., ಪಟ್ಟಿಯಲ್ಲಿರುವ ಜಾಗಗಳಲ್ಲಿ ಯಾವುದಕ್ಕೆ ಒಳಪ್ರವೇಶದ ಟಿಕೆಟ್ ಸೇರಿದೆ, ಯಾವುದನ್ನು ಹೊರಗೆ ನಿಂತು ನೋಡುವುದಷ್ಟೇ. ತಮ್ಮ ಪತ್ರಿಕೆ ಪ್ರವಾಸ ಪುರವಣಿಯ ಜಾಹೀರಾತುದಾರರನ್ನು ಇಷ್ಟು ಕೇಳಬೇಕೆಂದು ವಿನಂತಿ. ಅಲ್ಲಿಯವರೆಗೆ, ಮುಂಗಡ ಕಟ್ಟುವ ಮೊದಲು ಓದುಗರು ಈ ಮೂರಕ್ಕೂ ಉತ್ತರವನ್ನು ಬರಹದಲ್ಲೇ ಪಡೆಯಲಿ.

ಇತಿ,
ತಮ್ಮ ಓದುಗ,
ಜಯನಗರ, ಬೆಂಗಳೂರು